ಪವಿತ್ರಸ್ಥಾನ ಮತ್ತು ಆಶ್ರಯನಗರ: ಒಂದು ದೈವಶಾಸ್ತ್ರೀಯ ವಿಮರ್ಶೆ

ಇಂಗ್ಲಿಷ್ ದೈವಶಾಸ್ತ್ರ ಗ್ರಂಥಗಳಲ್ಲಿ 'ಸ್ಯಾಂಕ್ಚುಯರಿ' ಎಂಬ ಪದವು ಪದೇ ಪದೇ ಬರುತ್ತದೆ. ದಾವಣಗೆರೆ ಜಿಲ್ಲೆಯ ಸಾಸ್ವೆಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಸೇವೆಗೆ ನಿಲ್ಲುವ ಸಭಾಪಾಲಕನು ಈ ಪದವನ್ನು ಕನ್ನಡದಲ್ಲಿ ಹೇಳಹೊರಟರೆ ಅವನ ಮುಂದೆ ಒಂದಲ್ಲ, ಮೂರು ಬಗೆಯ ಮಾತುಗಳಿರುತ್ತವೆ. ಸತ್ಯವೇದವನ್ನು ಓದುವ ವಿಶ್ವಾಸಿಗೆ ಅದು 'ಪವಿತ್ರಸ್ಥಾನ'. ಅದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿಗೆ ಹೋದವರಿಗೆ ಅದು ಅರಣ್ಯ ಇಲಾಖೆಯ 'ವನ್ಯಧಾಮ' ಅಥವಾ 'ಅಭಯಾರಣ್ಯ'. ಹೊಲಮನೆಗಳ ಆಡುಮಾತಿನಲ್ಲಿಯಾದರೋ ಅದು 'ಆಸರೆ', 'ಮರೆಹೋಗುವುದು', 'ಶರಣು ಬರುವುದು'. ಮೊದಲನೆಯದು ದೇವರಿಗಾಗಿ ಬೇರ್ಪಡಿಸಿದ ಸ್ಥಳ, ಎರಡನೆಯದು ಬೇಟೆಗಾರನ ಕೈ ನಿಲ್ಲಬೇಕಾದ ಸ್ಥಳ, ಮೂರನೆಯದು ಸ್ಥಳವೇ ಅಲ್ಲ. ಅದು ಒಬ್ಬರು ಮತ್ತೊಬ್ಬರ ಬಳಿಗೆ ಬರುವ ಕ್ರಿಯೆ.

ಈ ಮೂರು ಅರ್ಥಗಳ ಸಂಬಂಧವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪವಿತ್ರತೆ ಮೊದಲು ಇರುತ್ತದೆ, ಆಶ್ರಯವು ಅದರ ಒಂದು ಉಪಫಲ ಎಂಬುದು ನಮ್ಮ ಬೋಧನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ. ದೇವಾಲಯವು ಪವಿತ್ರವಾದುದರಿಂದ ಅಲ್ಲಿಗೆ ಓಡಿಬಂದವನು ಕ್ಷೇಮವಾಗಿರುತ್ತಾನೆಂದು ಹೇಳಲಾಗುತ್ತದೆ. ಶಾಸ್ತ್ರವನ್ನು ಎಚ್ಚರಿಕೆಯಿಂದ ಓದಿದರೆ ಈ ಕ್ರಮವು ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ನಿರಪರಾಧಿಯ ರಕ್ತವು ಸುರಿಯದಂತೆ ಕಾಯುವುದರಲ್ಲಿಯೇ ಸ್ಥಳದ ಪವಿತ್ರತೆ ಪ್ರಕಟವಾಗುತ್ತದೆ. ಕಾಯದ ಸ್ಥಳವು ತನ್ನ ಪವಿತ್ರತೆಯನ್ನು ಸಾರಿಕೊಳ್ಳಲಾರದು ಎಂಬುದು ನಮ್ಮ ವಾದ.

1. ಪದಗಳ ಮೂಲ

ಹೀಬ್ರೂ ಭಾಷೆಯಲ್ಲಿ ಈ ಎರಡು ಅರ್ಥಗಳಿಗೆ ಎರಡು ಬೇರೆ ಪದಗಳಿವೆ. ಪವಿತ್ರಸ್ಥಾನಕ್ಕೆ 'ಮಿಕ್ದಾಶ್' ಎಂದು ಹೆಸರು. ಬೇರ್ಪಡಿಸುವುದು, ಪವಿತ್ರಗೊಳಿಸುವುದು ಎಂಬ ಅರ್ಥವುಳ್ಳ ಧಾತುವಿನಿಂದ ಅದು ಹುಟ್ಟಿದೆ. ಆಶ್ರಯನಗರದ ಆಶ್ರಯಕ್ಕೆ 'ಮಿಕ್ಲಾಟ್' ಎಂದು ಹೆಸರು; ಅದು ಒಳಗೆ ಸೇರಿಸಿಕೊಳ್ಳುವುದನ್ನು ಸೂಚಿಸುತ್ತದೆ. ಗ್ರೀಕರ 'ಅಸೂಲಿಯ' ಎಂಬ ಪದವು ಮತ್ತೊಂದು ದಿಕ್ಕಿನಿಂದ ಬಂದಿದೆ. ಯಾವುದನ್ನು ಸುಲಿಗೆ ಮಾಡಬಾರದೋ, ಯಾವುದರ ಮೇಲೆ ಬಲಾತ್ಕಾರದಿಂದ ಕೈಯಿಡಬಾರದೋ ಅದು 'ಅಸೂಲೋನ್'. ಲತೀನಿನ 'ಸಾಂಕ್ಚುವಾರಿಯುಮ್' ಮೂಲತಃ ಪವಿತ್ರ ವಸ್ತುಗಳನ್ನಿಡುವ ಸ್ಥಳ. ಆ ಪದಕ್ಕೆ ಆಶ್ರಯದ ಅರ್ಥವೂ ಕೂಡಿಬಂದದ್ದು ಪಾಶ್ಚಾತ್ಯ ಸಭೆಯ ಚರಿತ್ರೆಯಲ್ಲಿ, ಓಡಿಬಂದವರನ್ನು ದೇವಾಲಯಗಳು ಕಾಯುತ್ತಿದ್ದ ಶತಮಾನಗಳಲ್ಲಿ.

ಆದಕಾರಣ ಒಂದೇ ಪದದಲ್ಲಿ ಎರಡು ಅರ್ಥಗಳಿರುವುದು ಯೂರೋಪಿನ ಸಭೆಯ ಆಚರಣೆಯ ಫಲ. ಕನ್ನಡವು ಹೀಬ್ರೂವಿನಂತೆಯೇ ಎರಡನ್ನೂ ಬೇರೆಬೇರೆಯಾಗಿ ಇಟ್ಟಿದೆ: ಒಂದು ಕಡೆ ಪವಿತ್ರಸ್ಥಾನ, ಮಹಾಪವಿತ್ರಸ್ಥಾನ, ಮತ್ತೊಂದು ಕಡೆ ಆಶ್ರಯನಗರ. ಇದು ಭಾಷೆಯ ಕೊರತೆಯಲ್ಲ. ಆದರೆ ಇದರಿಂದ ಒಂದು ಅಪಾಯವುಂಟು. ಬಲಿಪೀಠದ ಸುತ್ತಲಿನ ಕಟಾಂಜನದೊಳಗಿನ ಭಾಗವನ್ನು ಪವಿತ್ರವೆಂದು ಕಾಪಾಡಿಕೊಂಡು, ಆಶ್ರಯವನ್ನು ಸಮಾಜಸೇವೆಯ ವಿಭಾಗಕ್ಕೆ ಒಪ್ಪಿಸಿಬಿಡಲು ನಮ್ಮ ಸಭೆಗಳಿಗೆ ಸುಲಭವಾಗುತ್ತದೆ. ಶಾಸ್ತ್ರವು ಈ ಎರಡನ್ನು ಎಲ್ಲಿ ಕೂಡಿಸುತ್ತದೆಂಬುದನ್ನು ಈಗ ನೋಡೋಣ.

2. ಬಲಿಪೀಠದ ಕೊಂಬುಗಳಿಂದ ಊರಬಾಗಿಲಿಗೆ

ಬಲಿಪೀಠದ ನಾಲ್ಕು ಮೂಲೆಗಳಲ್ಲಿ ನಾಲ್ಕು ಕೊಂಬುಗಳಿರಬೇಕೆಂದು ವಿಮೋಚನಕಾಂಡ 27ನೆಯ ಅಧ್ಯಾಯವು ವಿಧಿಸುತ್ತದೆ. ಅವುಗಳನ್ನು ಹಿಡಿದವನಿಗೆ ರಕ್ಷಣೆಯುಂಟೆಂಬ ನಂಬಿಕೆ ಇಸ್ರಾಯೇಲಿನಲ್ಲಿತ್ತು. ಅದೋನೀಯನು ಸೊಲೊಮೋನನಿಗೆ ಹೆದರಿ ಹೋಗಿ ಅವುಗಳನ್ನು ಹಿಡಿದನು. ಷರತ್ತಿನ ಮೇಲೆ ಉಳಿದನು (1 ಅರಸು 1:50-53). ಯೋವಾಬನು ಅದೇ ರೀತಿ ಹಿಡಿದನು. ಅವನು ಬಲಿಪೀಠದ ಬಳಿಯಲ್ಲಿಯೇ ಕೊಲ್ಲಲ್ಪಟ್ಟನು (1 ಅರಸು 2:28-34). ಎರಡನೆಯ ಪ್ರಸಂಗವನ್ನು ಓದಿ ಪವಿತ್ರಸ್ಥಾನವೂ ರಾಜನ ಖಡ್ಗವನ್ನು ತಡೆಯಲಾರದೆಂದು ಮರುಗುವವರಿದ್ದಾರೆ. ಆದರೆ ವಿಮೋಚನಕಾಂಡ 21:14ರ ವಿಧಿಯು ಮೊದಲೇ ಎಚ್ಚರಿಸಿತ್ತು: ಹೊಂಚುಹಾಕಿ ಕೊಂದವನನ್ನು ಬಲಿಪೀಠದ ಬಳಿಯಿಂದಲೂ ಎಳೆದು ತರಬೇಕು. ಅರ್ಥಾತ್ ಪವಿತ್ರವಸ್ತುವನ್ನು ಮುಟ್ಟಿದ ಮಾತ್ರಕ್ಕೆ ಬಲಾಢ್ಯನಾದ ಕೊಲೆಗಾರನು ನ್ಯಾಯದಿಂದ ತಪ್ಪಿಸಿಕೊಳ್ಳಕೂಡದು.

ಇನ್ನು ಅರಣ್ಯಕಾಂಡ 35, ಧರ್ಮೋಪದೇಶಕಾಂಡ 19, ಯೆಹೋಶುವ 20 ಈ ಅಧ್ಯಾಯಗಳಲ್ಲಿ ಆಶ್ರಯವು ಬಲಿಪೀಠದಿಂದ ಊರಿಗೆ ಬರುತ್ತದೆ. ಕೆದೆಷ್, ಶೆಕೆಮ್, ಹೆಬ್ರೋನ್, ಬೆಚೆರ್, ರಾಮೋತ್, ಗೋಲಾನ್ ಎಂಬ ಆರು ಪಟ್ಟಣಗಳಲ್ಲಿ ಮೂರು ಯೊರ್ದನಿನ ಈಚೆ, ಮೂರು ಆಚೆ. ಕೈತಪ್ಪಿ ಕೊಂದವನು ಓಡಿಬಂದು ಊರಬಾಗಿಲಲ್ಲಿ ನಿಂತು ಹಿರಿಯರಿಗೆ ತನ್ನ ಸಂಗತಿಯನ್ನು ಅರಿಕೆ ಮಾಡಬೇಕು. ಅವರು ಅವನನ್ನು ಒಳಗೆ ಸೇರಿಸಿಕೊಂಡು ವಾಸಕ್ಕೆ ಸ್ಥಳ ಕೊಡಬೇಕು. ಸಮುದಾಯದ ಮುಂದೆ ವಿಚಾರಣೆಯಾಗುವ ತನಕ ಮುಯ್ಯಿ ತೀರಿಸಬಂದ ಬಂಧುವಿಗೆ ಅವನನ್ನು ಒಪ್ಪಿಸಕೂಡದು. ಈ ಹಕ್ಕು ಇಸ್ರಾಯೇಲ್ಯನಿಗೆ ಮಾತ್ರವಲ್ಲದೆ ಪರದೇಶಿಗೂ ಉಂಟು (ಅರಣ್ಯ. 35:15). ಇಲ್ಲಿ ಕೊಂಬುಗಳಿಲ್ಲ, ಧೂಪವಿಲ್ಲ. ಬಾಗಿಲು, ಕಿವಿಗೊಡುವ ಹಿರಿಯರು, ಮಲಗಲು ಜಾಗ, ವಿಚಾರಣೆ ಇವು ಮಾತ್ರ ಇವೆ.

ಈ ವ್ಯವಸ್ಥೆಯಲ್ಲಿ ಮೂರು ಸಂಗತಿಗಳು ಸೇವಾಸಿದ್ಧತೆಯಲ್ಲಿರುವವರ ಗಮನಕ್ಕೆ ಅರ್ಹವಾಗಿವೆ. ಒಂದು, ಯೆಹೋಶುವ 20:7ರಲ್ಲಿ ಆ ಪಟ್ಟಣಗಳನ್ನು ಗೊತ್ತುಮಾಡಿದ್ದನ್ನು ಹೇಳಲು ಹೀಬ್ರೂ ಮೂಲವು ಬಳಸುವ ಕ್ರಿಯಾಪದವು 'ಪವಿತ್ರಗೊಳಿಸಿದರು' ಎಂಬ ಅರ್ಥದ್ದು. ಮಿಕ್ದಾಶ್ ಎಂಬ ಪದದ ಧಾತುವೇ ಅದು. ಕೆದೆಷ್ ಎಂಬ ಊರಿನ ಹೆಸರಿನಲ್ಲಿಯೂ ಅದೇ ಧಾತು ಇದೆ. ಭಾಷಾಂತರದಲ್ಲಿ 'ನೇಮಿಸಿದರು' ಎಂಬರ್ಥದ ಮಾತು ಬಂದಾಗ ಈ ಸಂಬಂಧವು ಓದುಗರಿಗೆ ಕಾಣದೆ ಹೋಗುತ್ತದೆ. ಪಟ್ಟಣವು ಪವಿತ್ರಗೊಂಡದ್ದು ಓಡಿಬಂದವನನ್ನು ಸೇರಿಸಿಕೊಳ್ಳುವುದಕ್ಕಾಗಿಯೇ. ಎರಡು, ಈ ಆರೂ ಪಟ್ಟಣಗಳು ಲೇವಿಯರಿಗೆ ಕೊಟ್ಟ 48 ಪಟ್ಟಣಗಳಲ್ಲಿ ಸೇರಿದವು (ಅರಣ್ಯ. 35:6-7). ದೇವರ ಸೇವೆಗೆ ನೇಮಕವಾದ ಕುಲದ ನೆರೆಮನೆಯವನು ರಕ್ತದ ಆಪಾದನೆ ಹೊತ್ತು ಬಂದವನು. ಮೂರು, ಅದೇ ಅಧ್ಯಾಯದ ಕೊನೆಯಲ್ಲಿ ಕಾರಣವನ್ನು ಹೇಳಲಾಗಿದೆ: ರಕ್ತವು ದೇಶವನ್ನು ಅಪವಿತ್ರಪಡಿಸುತ್ತದೆ, ಯೆಹೋವನು ಆ ದೇಶದ ಮಧ್ಯದಲ್ಲಿ ವಾಸಿಸುವಾತನು. ಹೀಗೆ ಆಶ್ರಯದ ನಿಯಮವು ಪವಿತ್ರತೆಯ ನಿಯಮದ ಹೊರಗಿನದಲ್ಲ, ಅದರ ಹೃದಯದಲ್ಲಿರುವುದು.

3. ಕಳ್ಳರ ಗವಿ

ಆಶ್ರಯಕ್ಕೆ ಒಂದು ಸುಳ್ಳು ರೂಪವೂ ಉಂಟು. ಯೆರೆಮೀಯ 7ರಲ್ಲಿ ಪ್ರವಾದಿಯು ದೇವಾಲಯದ ಬಾಗಿಲಲ್ಲಿ ನಿಂತು, ಪರದೇಶಿಯನ್ನೂ ಅನಾಥರನ್ನೂ ವಿಧವೆಯನ್ನೂ ಹಿಂಸಿಸಿ ಬಂದು ದೇವಾಲಯದಲ್ಲಿ ತಾವು ಕ್ಷೇಮವೆಂದುಕೊಳ್ಳುವವರನ್ನು ಖಂಡಿಸುತ್ತಾನೆ. ಅವನು ಬಳಸುವ ಕಳ್ಳರ ಗವಿಯ ಉಪಮೆಯನ್ನು ನಾವು ಹೆಚ್ಚಾಗಿ ದೇವಾಲಯದೊಳಗಿನ ವ್ಯಾಪಾರಕ್ಕೆ ಅನ್ವಯಿಸುತ್ತೇವೆ. ಆದರೆ ಗವಿಯು ಕಳ್ಳತನ ನಡೆಯುವ ಸ್ಥಳವಲ್ಲ; ಕಳ್ಳತನ ಮಾಡಿದವರು ಬಂದು ಅಡಗುವ ಸ್ಥಳ. ಹಿಂಸೆಗೆ ಒಳಗಾದವರಿಗೆ ಸಲ್ಲಬೇಕಾದ ಮರೆಯನ್ನು ಹಿಂಸಿಸಿದವರು ಆಕ್ರಮಿಸಿಕೊಂಡಿದ್ದಾರೆಂಬುದೇ ಪ್ರವಾದಿಯ ದೂರು. ಕರ್ತನು ದೇವಾಲಯದಲ್ಲಿ ಇದೇ ಮಾತನ್ನು ನೆನಪಿಸಿದಾಗ ಯೆಶಾಯ 56ರ ಪರದೇಶಿಯರ ವಾಗ್ದಾನವನ್ನೂ ಜೊತೆಗಿಟ್ಟನು.

ಸಭೆಯೊಳಗಿನ ಅಧಿಕಾರಸ್ಥನೊಬ್ಬನ ಮೇಲೆ ಸ್ತ್ರೀಯಾಗಲಿ ಮಗುವಾಗಲಿ ದೂರು ತಂದಾಗ ಸಭೆಯ ಮಾನವೆಂಬ ಹೆಸರಿನಲ್ಲಿ ಅವನನ್ನು ಮರೆಮಾಡುವುದು ಈ ಗವಿಯ ಇಂದಿನ ರೂಪ. ಅದನ್ನು ಕ್ಷಮೆ ಎಂದು ಕರೆದರೂ, ದೇವಾಲಯದ ಪವಿತ್ರತೆಯ ರಕ್ಷಣೆ ಎಂದು ಕರೆದರೂ ವಿಮೋಚನಕಾಂಡ 21:14 ಅದನ್ನು ಒಪ್ಪುವುದಿಲ್ಲ. ಆಶ್ರಯನಗರದಲ್ಲಿ ವಿಚಾರಣೆಯಿತ್ತು, ಗವಿಯಲ್ಲಿ ವಿಚಾರಣೆಯಿಲ್ಲ. ಎರಡನ್ನೂ ಬೇರ್ಪಡಿಸುವ ಗುರುತು ಇದೇ.

4. ಸಭೆಯ ಚರಿತ್ರೆಯ ಸಾಕ್ಷಿ

ಆದಿಸಭೆಯ ಚರಿತ್ರೆಯಲ್ಲಿ 399ರ ಕಾನ್‌ಸ್ಟಾಂಟಿನೋಪಲಿನ ಪ್ರಸಂಗವು ಪ್ರಸಿದ್ಧವಾಗಿದೆ. ಚಕ್ರವರ್ತಿ ಅರ್ಕಾಡಿಯಸನ ಆಸ್ಥಾನದಲ್ಲಿ ಪ್ರಬಲನಾಗಿದ್ದ ಯೂಟ್ರೋಪಿಯಸನು ದೇವಾಲಯಗಳ ಆಶ್ರಯದ ಹಕ್ಕನ್ನು ಕಾಯಿದೆಯಿಂದ ಕುಗ್ಗಿಸಿದ್ದನು. ಅಧಿಕಾರದಿಂದ ಬಿದ್ದಾಗ ಅವನೇ ಓಡಿಬಂದು ಬಲಿಪೀಠವನ್ನು ಹಿಡಿದನು. ಜಾನ್ ಕ್ರಿಸೊಸ್ಟಮನು ಅವನನ್ನು ಸೈನಿಕರಿಗೆ ಒಪ್ಪಿಸದೆ, ಸಭೆಯ ಎದುರಿನಲ್ಲಿ ಅವನಿರುವಾಗಲೇ ಐಶ್ವರ್ಯದ ವ್ಯರ್ಥತೆಯನ್ನು ಕುರಿತು ಪ್ರಸಂಗ ಮಾಡಿದನು. ವೈರಿಗೂ ಬಾಗಿಲು ತೆರೆದುದು ಆ ಪ್ರಸಂಗದ ಹಿರಿಮೆ. ಆದರೆ ಆಶ್ರಿತನ ದುರವಸ್ಥೆಯನ್ನು ಎಲ್ಲರ ಮುಂದೆ ಪಾಠವನ್ನಾಗಿ ಮಾಡಿದ್ದು ಸಮಂಜಸವೇ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಆಶ್ರಯ ಕೊಟ್ಟವರು ಆಶ್ರಿತನನ್ನು ತಮ್ಮ ಸಾಕ್ಷಿಗೆ ಸಾಧನವಾಗಿ ಬಳಸುವ ಪ್ರಲೋಭನೆಯು ಅಂದೇ ಇತ್ತು.

431ರಲ್ಲಿ ಎರಡನೆಯ ಥಿಯೊಡೋಸಿಯಸನ ಶಾಸನವು ರಕ್ಷಣೆಯ ಎಲ್ಲೆಯನ್ನು ಬಲಿಪೀಠದಿಂದ ಹೊರಬಾಗಿಲ ತನಕ ವಿಸ್ತರಿಸಿತು. ಅಂಗಳ, ತೋಟ, ಸ್ನಾನಗೃಹ, ಸುತ್ತಣ ಮನೆಗಳು ಎಲ್ಲವೂ ಅದರೊಳಗೆ ಬಂದವು. ಓಡಿಬಂದವರು ಬಲಿಪೀಠದ ಬಳಿಯಲ್ಲಿ ಉಂಡು ಮಲಗಬೇಕಾಗದಿರಲಿ ಎಂಬುದೂ ಅದರ ಉದ್ದೇಶವಾಗಿತ್ತು. ಪವಿತ್ರತೆಯ ಗೌರವವೂ ಮನುಷ್ಯನ ಅಗತ್ಯವೂ ಒಟ್ಟಿಗೆ ಸಲ್ಲುವ ಮಾರ್ಗವಿದು. ಆದರೆ ಮರುವರ್ಷದ ಶಾಸನವು, ಯಜಮಾನನಿಂದ ಓಡಿಬಂದ ದಾಸನನ್ನು ಒಂದು ದಿನಕ್ಕಿಂತ ಹೆಚ್ಚು ಇರಿಸಿಕೊಳ್ಳದೆ ಯಜಮಾನನಿಗೆ ತಿಳಿಸಬೇಕೆಂದಿತು; ಯಜಮಾನನು ಕ್ಷಮಿಸಿ ಅವನನ್ನು ಕರೆದೊಯ್ಯಬೇಕಾಗಿತ್ತು. ಓಡಿಬಂದ ದಾಸನನ್ನು ಒಪ್ಪಿಸಲೇಕೂಡದು, ಅವನು ಇಷ್ಟಪಟ್ಟ ಊರಲ್ಲಿ ಅವನು ವಾಸಿಸಲಿ ಎಂಬ ಧರ್ಮೋಪದೇಶಕಾಂಡ 23:15-16ರ ವಿಧಿಗೆ ಇದು ಸ್ಪಷ್ಟವಾಗಿ ವಿರುದ್ಧ. ಕ್ರೈಸ್ತ ಸಾಮ್ರಾಜ್ಯವು ಆಶ್ರಯವನ್ನು ಗೌರವಿಸಿತು, ಆದರೆ ಆಸ್ತಿಯ ಹಕ್ಕನ್ನು ಅದಕ್ಕಿಂತ ಹೆಚ್ಚು ಗೌರವಿಸಿತು.

ಮುಂದಿನ ಶತಮಾನಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ರಾಜ್ಯದ ನ್ಯಾಯಾಲಯಗಳು ಬಲಗೊಂಡಂತೆ ದೇವಾಲಯದ ಆಶ್ರಯವು ಕ್ಷೀಣಿಸಿತು. ಇಂಗ್ಲೆಂಡಿನಲ್ಲಿ 1624ರ ಕಾಯಿದೆ ಅದನ್ನು ರದ್ದುಮಾಡಿತು. ಕಥೋಲಿಕ ಸಭೆಯ 1917ರ ಧರ್ಮಸಂಹಿತೆಯಲ್ಲಿ ಉಳಿದಿದ್ದ ಆಶ್ರಯದ ಹಕ್ಕು 1983ರ ಸಂಹಿತೆಯಲ್ಲಿ ಕಾಣುವುದಿಲ್ಲ. ಆದರೆ 1982ರಲ್ಲಿ ಅಮೆರಿಕದ ಟೂಸಾನಿನ ಪ್ರೆಸ್ಬಿಟೇರಿಯನ್ ಸಭೆಯೊಂದು ಮಧ್ಯ ಅಮೆರಿಕದ ನಿರಾಶ್ರಿತರಿಗೆ ಬಹಿರಂಗವಾಗಿ ಬಾಗಿಲು ತೆರೆದಾಗ, ಕಾಯಿದೆಯಲ್ಲಿ ಸತ್ತ ವಾಡಿಕೆಯು ಸಾಕ್ಷಿಯಾಗಿ ಮತ್ತೆ ಎದ್ದಿತು.

5. ಕನ್ನಡ ನೆಲದ ಮಾತುಗಳು

ಇಷ್ಟು ಹೊರಗಿನ ಚರಿತ್ರೆ. ನಮ್ಮ ನೆಲಕ್ಕೆ ಬಂದರೆ, ಆಶ್ರಯದ ಭಾವನೆ ಸುವಾರ್ತೆಯೊಂದಿಗೆ ಹಡಗಿನಲ್ಲಿ ಬಂದದ್ದಲ್ಲ. ಕನ್ನಡದ ಶಾಸನಗಳಲ್ಲಿ ಅರಸರಿಗೂ ಸಾಮಂತರಿಗೂ ಸಲ್ಲುವ ಬಿರುದುಗಳಲ್ಲಿ 'ಶರಣಾಗತ ವಜ್ರಪಂಜರ' ಎಂಬುದು ಮತ್ತೆ ಮತ್ತೆ ಕಾಣುತ್ತದೆ. ಮರೆಹೊಕ್ಕವನಿಗೆ ಆ ವೀರನು ವಜ್ರದ ಪಂಜರದಂತೆ ಅಭೇದ್ಯನು ಎಂದರ್ಥ. ತುರುಗಳ ರಕ್ಷಣೆಗಾಗಿ, ಸ್ತ್ರೀಯರ ಮಾನರಕ್ಷಣೆಗಾಗಿ ಮಡಿದವರ ವೀರಗಲ್ಲುಗಳು ನಾಡಿನೆಲ್ಲೆಡೆ ನಿಂತಿವೆ. ಆದರೆ ಈ ಬಿರುದಿನ ಮಹಿಮೆಯೆಲ್ಲವೂ ಕಾಯುವವನಿಗೆ ಸೇರುತ್ತದೆ. ಮರೆಹೊಕ್ಕವನಿಗೆ ಅಲ್ಲಿ ಹೆಸರಿಲ್ಲ, ಹಕ್ಕಿಲ್ಲ. ಯೆಹೋಶುವ 20ರಲ್ಲಿಯಾದರೋ ಓಡಿಬಂದವನು ಬಾಗಿಲಲ್ಲಿ ಬಾಯಿಬಿಟ್ಟು ಮಾತಾಡುತ್ತಾನೆ; ಅವನ ಮಾತನ್ನು ಕೇಳುವುದು ಹಿರಿಯರ ಕರ್ತವ್ಯ.

12ನೆಯ ಶತಮಾನದ ಕಲ್ಯಾಣದ ಚಳವಳಿಯು ಈ ಮಾತನ್ನು ತಿರುಗಿಸಿತು. ಅಲ್ಲಿ ಶರಣುಹೊಕ್ಕವನೇ 'ಶರಣ'. ಆಶ್ರಯ ಬೇಡಿದವನ ಹೆಸರೇ ಭಕ್ತಿಯ ಅತ್ಯುನ್ನತ ಹೆಸರಾಯಿತು. ಕಟ್ಟಿದ ಗುಡಿಯ ಸ್ಥಾವರಕ್ಕಿಂತ ಚಲಿಸುವ ಜಂಗಮಕ್ಕೆ ಅಲ್ಲಿ ಮಹತ್ವ ಬಂದಿತು. ಕಲ್ಯಾಣದಲ್ಲಿ ಹಿಂಸೆಯೆದ್ದಾಗ ಶರಣರು ಚೆದರಿ ಉಳವಿಯ ಕಾಡಿನ ಕಡೆಗೆ ಹೋದ ನೆನಪನ್ನು ಪರಂಪರೆಯು ಉಳಿಸಿಕೊಂಡಿದೆ. ಗರ್ಭಗುಡಿಯ ಪವಿತ್ರತೆಯ ಹೆಸರಿನಲ್ಲಿ ಹೊಸ್ತಿಲ ಹೊರಗೆ ನಿಲ್ಲಿಸಲ್ಪಟ್ಟ ಜನರಿದ್ದ ಸಮಾಜದಲ್ಲಿ ಈ ತಿರುವಿನ ಬೆಲೆ ದೊಡ್ಡದು. ಪವಿತ್ರಸ್ಥಾನವೆಂಬ ಪದವನ್ನು ನಾವು ಉಚ್ಚರಿಸುವಾಗ ಆ ಹೊಸ್ತಿಲಿನ ನೆನಪೂ ಕೇಳುವವರ ಮನಸ್ಸಿನಲ್ಲಿ ಏಳುತ್ತದೆಂಬುದನ್ನು ದಲಿತ ಹಿನ್ನೆಲೆಯ ವಿಶ್ವಾಸಿಗಳು ಬಹುಸಂಖ್ಯೆಯಲ್ಲಿರುವ ಸಭೆಗಳ ಪಾಲಕರು ಮರೆಯಬಾರದು. ಬೇರ್ಪಡಿಸುವಿಕೆಯೇ ಪವಿತ್ರತೆಯ ಪೂರ್ಣಾರ್ಥವೆಂದು ಬೋಧಿಸಿದರೆ ಆ ಹೊಸ್ತಿಲನ್ನು ಬಲಿಪೀಠದ ಮುಂದೆ ಮತ್ತೆ ಕಟ್ಟಿದಂತಾಗುತ್ತದೆ.

6. ಮಿಷನ್ ಆವರಣದ ಪಾಠ

ಕನ್ನಡ ಸಭೆಯ ಸ್ವಂತ ಚರಿತ್ರೆಯಲ್ಲಿ ಆಶ್ರಯದ ನಿಜವಾದ ಉದಾಹರಣೆ ಬೇಕಾದರೆ ಬಾಸೆಲ್ ಮಿಷನ್ನಿನ ಆವರಣಗಳನ್ನು ನೋಡಬೇಕು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್ನಿನ ಮೂಲಕ 1844ರಲ್ಲಿ ಆನಂದರಾವ್ ಕೌಂಡಿನ್ಯರೂ ಮತ್ತಿಬ್ಬರು ಬ್ರಾಹ್ಮಣ ಯುವಕರೂ ದೀಕ್ಷಾಸ್ನಾನ ಹೊಂದಿದರು. ಅಂದಿನ ಸಮಾಜದಲ್ಲಿ ದೀಕ್ಷಾಸ್ನಾನವೆಂದರೆ ಮನೆ, ಬಂಧುಗಳು, ಬಾವಿ, ಕಸುಬು ಎಲ್ಲವನ್ನೂ ಕಳೆದುಕೊಳ್ಳುವುದಾಗಿತ್ತು. ಹಾಗೆ ಹೊರಬಿದ್ದವರಿಗೆ ವಾಸವೂ ಅನ್ನವೂ ಬೇಕಾದಾಗ 1851ರಿಂದ ನೇಯ್ಗೆಯ ಉದ್ಯಮ, 1865ರಿಂದ ಹೆಂಚಿನ ಕಾರ್ಖಾನೆ ಬೆಳೆದವು. ಊರು ಮುಚ್ಚಿದ ಬಾಗಿಲಿನೆದುರು ಸಭೆಯು ಒಂದು ಬಾಗಿಲನ್ನು ತೆರೆಯಿತು. ಲೇವಿಯರ ಪಟ್ಟಣದ ಕೆಲಸವನ್ನು ಅದು ಮಾಡಿತೆಂದರೆ ಅತಿಶಯೋಕ್ತಿಯಲ್ಲ.

ವಿಮರ್ಶೆಯ ಕಣ್ಣಿಗೆ ಮತ್ತೊಂದು ಮುಖವೂ ಕಾಣುತ್ತದೆ. ಆಶ್ರಯದಾತನೇ ಯಜಮಾನನೂ ಸಭಾಶಿಸ್ತಿನ ಅಧಿಕಾರಿಯೂ ಆದಾಗ ಆಶ್ರಿತನ ಸ್ವಾತಂತ್ರ್ಯವು ಕುಗ್ಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾಗಿ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದಾಗ, ಗೋಡೆ ಮತ್ತು ಕೂಲಿಯ ಮೇಲೆ ನಿಂತ ಆಶ್ರಯವು ಎಷ್ಟು ಅಸ್ಥಿರವೆಂಬುದು ಬಯಲಾಯಿತು. ಮಿಷನ್ನಿನ ಕೆಲಸವನ್ನು ಅಲ್ಲಗಳೆಯಲು ನಾವು ಇದನ್ನು ಹೇಳುತ್ತಿಲ್ಲ. ಆಶ್ರಯವು ಅವಲಂಬನೆಯಾಗಿ ಮುಗಿಯದೆ, ಬಂದವನು ತನ್ನ ಊರಿನಲ್ಲಿ ಮತ್ತೆ ತಲೆಯೆತ್ತಿ ನಿಲ್ಲುವ ತನಕ ಸಾಗಬೇಕೆಂಬುದು ಅದರ ಪಾಠ. ಆಶ್ರಯನಗರದ ವಾಸಕ್ಕೂ ಒಂದು ಅವಧಿಯಿತ್ತು: ಮಹಾಯಾಜಕನು ಮೃತನಾದ ಮೇಲೆ ಅವನು ತನ್ನ ಸ್ವಾಸ್ತ್ಯಕ್ಕೆ ಹಿಂದಿರುಗಬಹುದಾಗಿತ್ತು (ಅರಣ್ಯ. 35:28).

ರಾಜ್ಯವು ಕೊಟ್ಟ ಆಶ್ರಯಕ್ಕೂ ಕರ್ನಾಟಕದಲ್ಲಿ ದೊಡ್ಡ ನಿದರ್ಶನವಿದೆ. ಅಂದಿನ ಮೈಸೂರು ಸರ್ಕಾರವು ಒದಗಿಸಿದ ಭೂಮಿಯಲ್ಲಿ 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ, 1966ರಿಂದ ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದರು. ಅವರು ತಮ್ಮ ಭಾಷೆ, ವಿಹಾರ, ಹಬ್ಬಗಳನ್ನು ಬಿಡಬೇಕಾಗಲಿಲ್ಲ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲವಾದ್ದರಿಂದ ಇಂಥ ಆಶ್ರಯವು ಸರ್ಕಾರದ ಔದಾರ್ಯದ ಮೇಲೆ ನಿಂತಿದೆ. ಆದರೂ ಆಶ್ರಿತನನ್ನು ತನ್ನಂತೆ ಮಾಡಿಕೊಳ್ಳದೆ ಆಶ್ರಯ ಕೊಡುವುದು ಸಾಧ್ಯವೆಂಬುದನ್ನು ಅದು ತೋರಿಸುತ್ತದೆ.

7. ವನ್ಯಧಾಮದ ಪ್ರಶ್ನೆ

ಆರಂಭದಲ್ಲಿ ಹೇಳಿದ ಎರಡನೆಯ ಅರ್ಥಕ್ಕೆ ಈಗ ಬರೋಣ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬುಗಳು. ಬಲಿಪೀಠದ ನಾಲ್ಕು ಕೊಂಬುಗಳೊಂದಿಗೆ ಇದನ್ನು ಜೋಡಿಸುವುದು ಆಕಸ್ಮಿಕದ ಆಟವಾದೀತು. ಆದರೆ ಯೆಹೋವನ ಯಜ್ಞವೇದಿಗಳ ಬಳಿ ಗೂಡು ಕಂಡ ಹಕ್ಕಿಯನ್ನು 84ನೆಯ ಕೀರ್ತನೆಯು ಧನ್ಯತೆಯಿಂದ ನೋಡುವುದು ಆಕಸ್ಮಿಕವಲ್ಲ. ಓಡುವ ಪ್ರಾಣಿಗೂ ಮರೆ ಸಲ್ಲಬೇಕೆಂಬುದು ಸೃಷ್ಟಿಯ ಕರ್ತನಲ್ಲಿ ನಂಬಿಕೆಯಿಟ್ಟವರಿಗೆ ಅನ್ಯವಾದ ವಿಚಾರವಲ್ಲ.

ಇಲ್ಲಿಯೂ ವಿಮರ್ಶೆಗೆ ಎಡೆಯುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವನ್ಯಧಾಮದೊಳಗೆ ಪ್ರವೇಶವನ್ನು ನಿರ್ಬಂಧಿಸುತ್ತದೆ. ಆ ನೆಲದಲ್ಲಿ ಜನರಿಗಿರುವ ಹಕ್ಕುಗಳನ್ನು ಜಿಲ್ಲಾಧಿಕಾರಿಯ ಮಟ್ಟದಲ್ಲಿ ವಿಚಾರಿಸಬೇಕೆಂದೂ ವಿಧಿಸುತ್ತದೆ. ಕೊಂಡುಕುರಿಗೆ ದೊರೆತ ಅಭಯವು ಕುರಿಗಾಹಿಗೆ ನಿಷೇಧವಾಗಿ ಬರಬಹುದು. ಗೆರೆಯೆಳೆದವರು ಗೆರೆಯ ಹೊರಗುಳಿದವರ ಮಾತನ್ನೂ ಕೇಳಬೇಕೆಂಬ ನಿಯಮವು ಕಾಡಿಗೂ ದೇವಾಲಯಕ್ಕೂ ಒಂದೇ.

8. ಒಂದು ಆಕ್ಷೇಪ, ಅದಕ್ಕೆ ಉತ್ತರ

ಹೀಗೆ ಹೇಳಿದರೆ ಪವಿತ್ರಸ್ಥಾನವು ಧರ್ಮಛತ್ರವಾಗಿ ಇಳಿಯುವುದಿಲ್ಲವೇ, ಆರಾಧನೆಯ ಗಾಂಭೀರ್ಯ ಉಳಿಯುವುದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ದೇವರು ಪರಿಶುದ್ಧನಾಗಿರುವುದು ನಮ್ಮ ಸೇವೆಯಿಂದಲ್ಲ. ಆತನು ಸ್ವತಃ ಪರಿಶುದ್ಧನು. ಆದರೆ ಆತನ ಪರಿಶುದ್ಧತೆಯು ಯಾವ ರೂಪದಲ್ಲಿ ನಮ್ಮನ್ನು ಸಂಧಿಸುತ್ತದೆಂಬುದನ್ನು ಇಬ್ರಿಯ 6:18-20 ಹೇಳುತ್ತದೆ. ಅಲ್ಲಿ ವಿಶ್ವಾಸಿಗಳು ಆಶ್ರಯಕ್ಕಾಗಿ ಓಡಿಬಂದವರು. ಅವರ ನಿರೀಕ್ಷೆಯ ಲಂಗರು ತೆರೆಯ ಒಳಗೆ, ಮಹಾಪವಿತ್ರಸ್ಥಾನದಲ್ಲಿ ಊರಿದೆ. ಅವರ ಮುಂದಾಗಿ ಒಳಹೋದವನು ಯೇಸು. ಕೊಲೆಗೈದವನ ಓಟವೂ ಮಹಾಯಾಜಕನ ಪ್ರವೇಶವೂ ಒಂದೇ ವಾಕ್ಯದಲ್ಲಿ ಕೂಡುತ್ತವೆ. ಆರಾಧನೆಗೆ ಬರುವ ಪ್ರತಿಯೊಬ್ಬನೂ ಅಲ್ಲಿ ಆಶ್ರಿತನೇ. ತಾನು ಓಡಿಬಂದವನೆಂಬುದನ್ನು ಬಲ್ಲ ಸಭೆಯು ಮತ್ತೊಬ್ಬ ಓಡಿಬಂದವನಿಗೆ ಬಾಗಿಲು ತೆರೆದರೆ ಅದರ ಆರಾಧನೆಯು ಕುಂದುವುದಿಲ್ಲ. ಅದು ಆರಾಧನೆಯ ಮುಂದುವರಿಕೆಯೇ.

9. ಸೇವೆಗೆ ಇದರ ಅನ್ವಯ

ಸಾಸ್ವೆಹಳ್ಳಿ, ಚನ್ನಗಿರಿ, ನ್ಯಾಮತಿಗಳಂಥ ಊರುಗಳಲ್ಲಿ ಸೇವೆಗೆ ಹೋಗುವವರ ಬಾಗಿಲನ್ನು ತಟ್ಟುವವರು ಇತಿಹಾಸದ ಪುಟಗಳಿಂದ ಬರುವುದಿಲ್ಲ. ಗಂಡನ ಮನೆಯ ಹೊಡೆತ ತಾಳದೆ ರಾತ್ರಿ ಹೊರಬಿದ್ದ ಹೆಣ್ಣುಮಗಳು, ಜಾತಿ ಮೀರಿ ಮದುವೆಯಾಗಿ ಬಂಧುಗಳಿಗೆ ಹೆದರಿದ ಜೋಡಿ, ಅಡಿಕೆ ತೋಟದ ಕೆಲಸಕ್ಕೆ ದೂರದಿಂದ ಬಂದು ಕೂಲಿ ದೊರೆಯದೆ ನಿಂತ ಕುಟುಂಬ, ತುಂಗಭದ್ರೆ ಉಕ್ಕಿದಾಗ ಮನೆ ಬಿಟ್ಟುಬಂದವರು ಬರುತ್ತಾರೆ. ಇವರಲ್ಲಿ ಹೆಚ್ಚಿನವರು ಸಭೆಯ ಸದಸ್ಯರಲ್ಲ. ಅವರ ಮುಂದೆ ಪಾಲಕನು ಮೂರು ಸಂಗತಿಗಳಲ್ಲಿ ಸ್ಪಷ್ಟನಾಗಿರಬೇಕು.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ದೇವಾಲಯಕ್ಕೆ ಕಾನೂನಿನ ಕೈ ತಡೆಯುವ ಹಕ್ಕಿಲ್ಲ. ಅಪರಾಧಿಯೆಂದು ತಿಳಿದು ಶಿಕ್ಷೆ ತಪ್ಪಿಸಲು ಅಡಗಿಸಿಡುವುದು ದಂಡಸಂಹಿತೆಯಲ್ಲಿ ಅಪರಾಧ. ಆಶ್ರಯನಗರದ ಹಿರಿಯರಂತೆ ಪಾಲಕನು ಬಂದವನನ್ನು ಗುಂಪಿನ ಕೈಯಿಂದ ಕಾದು ವಿಚಾರಣೆಯ ಕೈಗೆ ತಲುಪಿಸಬೇಕು. ಹಿಂಸೆಗೊಳಗಾದವರ ಪರವಾಗಿ ಕಾನೂನೇ ಇದೆ: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ಆಶ್ರಯಗೃಹದ ವ್ಯವಸ್ಥೆಯನ್ನು ಒಳಗೊಂಡಿದೆ, 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆದರಿಕೆಗೊಳಗಾದ ಜೋಡಿಗಳಿಗೆ ಸುರಕ್ಷಿತ ವಸತಿಯನ್ನು ಒದಗಿಸಲು ಕ್ರಮಕೈಗೊಳ್ಳುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಇವುಗಳನ್ನು ತಿಳಿದಿರುವುದು ಪಾಲನಾಸೇವೆಯ ಭಾಗ.

ಎರಡನೆಯದಾಗಿ, ಆಶ್ರಯಕ್ಕೆ ಬೆಲೆ ಕಟ್ಟಬಾರದು. ಮತಾಂತರವನ್ನು ಕುರಿತ ಕರ್ನಾಟಕದ 2022ರ ಕಾಯಿದೆಯು 'ಆಮಿಷ'ವೆಂಬ ಮಾತಿಗೆ ವಿಶಾಲವಾದ ಅರ್ಥ ಕೊಟ್ಟಿತು. ಅದರ ನ್ಯಾಯಾನ್ಯಾಯದ ಚರ್ಚೆ ಬೇರೆ. ಆದರೆ ಕಾನೂನಿನ ಭಯವಿಲ್ಲದಿದ್ದರೂ ಆಶ್ರಿತರ ಮುಂದೆ ದೀಕ್ಷಾಸ್ನಾನವನ್ನು ಷರತ್ತಾಗಿ ಇಡುವುದು ಸುವಾರ್ತೆಗೆ ಅವಮಾನ. ಆಶ್ರಯನಗರವು ಪರದೇಶಿಯನ್ನು ಅವನು ಪರದೇಶಿಯಾಗಿರುವಂತೆಯೇ ಸೇರಿಸಿಕೊಂಡಿತು.

ಮೂರನೆಯದಾಗಿ, ಬಾಗಿಲು ಯಾರಿಗಾಗಿ ಎಂಬುದನ್ನು ಸಭೆಯು ಮೊದಲೇ ನಿಶ್ಚಯಿಸಿರಬೇಕು. ಆಶ್ರಯನಗರಗಳ ದಾರಿಗಳನ್ನು ಸಿದ್ಧಮಾಡಬೇಕೆಂದು ಧರ್ಮೋಪದೇಶಕಾಂಡ 19:3 ಆಜ್ಞಾಪಿಸುತ್ತದೆ. ಓಟಗಾರನು ಬಂದ ಮೇಲೆ ದಾರಿ ಮಾಡಲಾಗುವುದಿಲ್ಲ. ರಾತ್ರಿ ಯಾರು ಬಾಗಿಲು ತೆರೆಯುವರು, ಹೆಣ್ಣುಮಗಳೊಬ್ಬಳು ಬಂದರೆ ಅವಳ ಜೊತೆಗೆ ಯಾರಿರುವರು, ದೂರು ಸಭೆಯ ಹಿರಿಯನ ಮೇಲೆಯೇ ಬಂದರೆ ಅದನ್ನು ಹೊರಗಿನ ಯಾರ ಮುಂದಿಡಬೇಕು ಎಂಬಿವು ಸಭಾಸಮಿತಿಯ ಕಾರ್ಯಕಲಾಪದಲ್ಲಿ ಬರೆದಿರಬೇಕಾದ ಸಂಗತಿಗಳು.

ಕಟ್ಟಡಗಳ ಪ್ರತಿಷ್ಠಾಪನೆಯ ದಿನ ನಾವು ಗೋಡೆಗಳನ್ನೂ ಬಲಿಪೀಠವನ್ನೂ ದೇವರಿಗೆ ಸಮರ್ಪಿಸುತ್ತೇವೆ. ಯೆಹೋಶುವ 20ರ ಕ್ರಿಯಾಪದವನ್ನು ಗಂಭೀರವಾಗಿ ತೆಗೆದುಕೊಂಡರೆ ಆ ಪ್ರತಿಷ್ಠೆಯು ಅಂದೇ ಮುಗಿಯುವುದಿಲ್ಲ. ಓಡಿಬಂದವರ ಮಾತನ್ನು ಕೇಳಿ, ಸ್ಥಳಕೊಟ್ಟು, ನ್ಯಾಯ ದೊರೆಯುವ ತನಕ ಜೊತೆಗಿದ್ದ ದಿನ ಆ ಕಟ್ಟಡವು ಪವಿತ್ರಸ್ಥಾನವೆಂಬ ಹೆಸರಿಗೆ ತಕ್ಕದ್ದಾಗುತ್ತದೆ.